ವೆಂಡೆಲ್ ಕಟ್ಟಿದ ಮಡಚು ಹಲಗೆ

ನನ್ನ ಅಳಿಯನಾಗಲು ಹೊರಟಿರುವ ಮಹಾಶಿಲ್ಪಿ ವೆಂಡೆಲ್‌ಗೆ,

ಸೊಂಟದ ಪಟ್ಟಿಯಲ್ಲಿ ಮರಕ್ಕೆ ಜೋತು ಜಿಂಕೆ ಬೇಟೆಗೆ ಕಾಯುವಾಗ ಕಾಲೂರಲೆಂದು ನನ್ನ ಮಗಳು ಟೆಸ್‌ಗೆ ನೀನು ಕಟ್ಟಿಕೊಟ್ಟ ಮಡಚು ಹಲಗೆ ಈಗ ಎರಡು ಹೋಳಾಗಿ ನನ್ನ ಅಂಗಳದಲ್ಲಿ ಬಿದ್ದಿದೆ. ಆಹಾ, ಏನು ಕೈಚಳಕ! ಪುಸ್ತಕದ ಕಪಾಟಿನ ಹಲಗೆ, ಕೋಳಿಗೂಡಿನ ಬಾಗಿಲಿನ ಕೀಲು, ಬಟ್ಟೆ ಒಣಹಾಕುವ ತಂತಿ! ಜಿಂಕೆಗಳು ನಕ್ಕು ನಕ್ಕೇ ಸಾಯಲಿ ಎಂಬ ಉಪಾಯವೇನು?

ಟೆಸ್ ಹತ್ತುವ ಮುನ್ನ ನಾನೇ ಅದನ್ನು ಓಕ್ ಮರಕ್ಕೆ ಮೊಣಕಾಲೆತ್ತರದಲ್ಲಿ ಬಿಗಿದು ನಿಂತೆ. ಕೀಲು ಕಿತ್ತುಬಂತು. ನಾನು ತರಗೆಲೆಯ ಮೇಲೆ ಕುಕ್ಕರಿಸಿದೆ.

“ನೀನು ದಪ್ಪ ಇದೀಯ ಕಣಮ್ಮ, ಅದಕ್ಕೇ ಮುರೀತು,” ಎಂದಳು ನಿನ್ನ ಟೆಸ್.

“ಮೇಲಿಂದ ನೀನು ಬಿದ್ದಿದ್ರೆ ಯಾರನ್ನ ದಪ್ಪ ಅಂತಿದ್ದೆ?”

“ಸೊಂಟದ ಪಟ್ಟಿಗೆ ಹಗ್ಗ ಇರುತ್ತಲ್ಲಮ್ಮ! ವೆಂಡೆಲ್ ಹೇಳಿದಾನೆ.”

ಹಗ್ಗ ಇರುತ್ತದೆ, ನಿಜ. ನನ್ನ ಗಂಡನಿಗೂ ಇತ್ತು. ಕಾಲಡಿಯ ಹಲಗೆ ಕಳಚಿದಾಗ ಆ ಹಗ್ಗ ಅವರನ್ನು ನೆಲಕ್ಕೆ ಬೀಳಗೊಡಲಿಲ್ಲ. ಅವರನ್ನು ಮರದ ಕಾಂಡಕ್ಕೆ ಅಪ್ಪಳಿಸಿತು. ಆ ಮಾತು ಇಲ್ಲಿಗೆ ಸಾಕು.

ಶನಿವಾರ ಬಾ. ದಪ್ಪನೆಯ ಅಲ್ಯುಮಿನಿಯಂ ತಗಡು ನನ್ನಲ್ಲಿದೆ. ಉಕ್ಕಿನ ಬೋಲ್ಟುಗಳನ್ನು ನೀನು ತಾ, ನಿನ್ನ ಜಾಣತನವನ್ನು ಮನೆಯಲ್ಲೇ ಬಿಟ್ಟು ಬಾ. ಕಟ್ಟಿ ಮುಗಿದ ಮೇಲೆ ಮೊದಲು ಹತ್ತುವವನು ನೀನು. ಮೇಲೆ ನಿಂತು, ನಾಳೆ ಅಲ್ಲಿ ನಿಲ್ಲುವವಳು ಟೆಸ್ ಎಂದು ನೆನೆದು, ಒಮ್ಮೆ ಕೆಳಗೆ ನೋಡು. ಕಾಲು ನಡುಗಿದರೆ ಇಳಿದು ಬಾ, ಮದುವೆಯ ಮಾತಾಡೋಣ. ನಡುಗದಿದ್ದರೆ ಇಳಿದವನೇ ನಿನ್ನ ಮನೆಯ ದಾರಿ ಹಿಡಿ.

ಇನ್ನೂ ನಿನ್ನ ಅತ್ತೆಯಾಗದ,
ಲೋರ್ನಾ ಸ್ಟೋಲ್ಟ್ಸ್