ನನ್ನವರೆಗೆ ಬಾರದ ಪಾಠ

ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಚೂಟಿಯ ನಮಸ್ಕಾರಗಳು. ನಾನಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಮುಕ್ಕಾಲು ಪಾಲು ಕ್ಷೇಮ ಎಂದಿಟ್ಟುಕೋ. ಮೊಬೈಲ್ ಅಂಗೈಯಲ್ಲೇ ಇರುವಾಗ ಇವಳೇಕೆ ಕಾಗದ ಹಿಡಿದು ಕೂತಳು ಎಂದು ನಿನಗೆ ನಗು ಬರಬಹುದು. ಮೊಬೈಲಿನಲ್ಲಿ ಎಷ್ಟೋ ಸಲ ಬರೆದೆ, ಕಳಿಸುವ ಮೊದಲೇ ಅಳಿಸಿದೆ. ಇಷ್ಟು ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈ.

ನನಗೆ ಕಿವಿ ಕೇಳಿಸುತ್ತಿಲ್ಲ, ಅಕ್ಕಾ. ಎಡಗಿವಿ ಹೋಯಿತು, ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ. ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಚೀಟಿಯ ಮೇಲೆ ಬರೆದು ತೋರಿಸಿದರು. ಮನೆಯಲ್ಲಿ ಕುಕ್ಕರಿನ ಸೀಟಿ ಕೇಳಿಸದೆ ಎರಡು ಸಲ ಬೇಳೆ ಹೊತ್ತಿತು. ಈಗ ಒಲೆಯ ಮುಂದೆಯೇ ನಿಂತು, ಆವಿ ಚಿಮ್ಮುವುದನ್ನು ನೋಡಿ ಎಣಿಸುತ್ತೇನೆ. ಒಂದು ದಿನ ನಲ್ಲಿ ನಿಲ್ಲಿಸುವುದನ್ನು ಮರೆತು ಮಲಗಿಬಿಟ್ಟೆ, ನೀರು ಸುರಿಯುವುದು ಕೇಳಿಸಲಿಲ್ಲ. ಕೆಳಗಿನ ಮನೆಯಾಕೆ ಬಂದು ಬಾಯಿಗೆ ಬಂದಂತೆ ಬೈದಳು. ಸದ್ದಿಲ್ಲದ ಸಿನಿಮಾ ನೋಡಿದಂತೆ ಅವಳ ಬಾಯನ್ನೇ ನೋಡುತ್ತ ನಿಂತಿದ್ದೆ.

ಇನ್ನು ಆಫೀಸು. ಗಿರಾಕಿಗಳ ಕಂಪ್ಯೂಟರ್ ಕೈಕೊಟ್ಟರೆ ಫೋನಿನಲ್ಲೇ ಹೇಳಿಕೊಟ್ಟು ಸರಿಮಾಡಿಸುವ ಕೆಲಸ ನನ್ನದು ಎಂಬುದು ನಿನಗೆ ಗೊತ್ತು. ಹೆಡ್‌ಫೋನಿನ ಸದ್ದು ಏರಿಸಿಕೊಂಡು, ಅರ್ಧ ಕೇಳಿ, ಇನ್ನರ್ಧ ಊಹಿಸಿ ಹೇಗೋ ದಿನ ತಳ್ಳುತ್ತಿದ್ದೆ. ಅಷ್ಟರಲ್ಲಿ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ತಂದರು. ಎಲ್ಲರೂ ತರಬೇತಿಗೆ ಕೂರಬೇಕು, ಪರೀಕ್ಷೆ ಪಾಸಾಗಬೇಕು. ಆಗದವರ ಜಾಗ ಉಳಿಯುವುದಿಲ್ಲ.

ಕಲಿಸಲು ಬಂದವರಿಗೆ ನಾವಿಟ್ಟ ಹೆಸರು ಎಕ್ಸ್‌ಪ್ರೆಸ್ ಮೇಷ್ಟ್ರು. ಎಲ್ಲೂ ನಿಲ್ಲದ ಮಾತು. ತುಟಿ ನೋಡಿ ತಿಳಿಯೋಣವೆಂದರೆ ಮನುಷ್ಯ ನಮಗೆ ಬೆನ್ನು ಮಾಡಿ ಪರದೆಗೆ ಪಾಠ ಹೇಳುತ್ತಾರೆ. ಮುಂದಿನ ಸಾಲಿನಲ್ಲಿ ಒಬ್ಬಳೇ ಕೂತೆ. ಊಟಕ್ಕೂ ಒಬ್ಬಳೇ. ಗುಂಪಿನಲ್ಲಿ ಎಲ್ಲರ ಮಾತು ಕಲಸಿ ಗಂಜಿಯಾಗುತ್ತದೆ, ಅದಕ್ಕೆ ಮೂಲೆಯ ಮೇಜು ಹಿಡಿದೆ. "ಅವಳಿಗೆ ಜಂಬ, ಕರೆದ್ರೂ ತಿರುಗಿ ನೋಡಲ್ಲ" ಎಂದು ಮಾತಾಡಿಕೊಂಡರಂತೆ. ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಎರಡನೆಯದರಲ್ಲೂ ಫೇಲು.

ಆಮೇಲೆ ತರಬೇತಿ ವಿಭಾಗದ ಹೆಂಗಸೊಬ್ಬರು ಒಬ್ಬೊಬ್ಬರನ್ನೇ ಕರೆದು, ಯಾರಿಗೆ ಏನು ಕಲಿಯಬೇಕಾಗಿದೆ ಎಂದು ವಿಚಾರಿಸತೊಡಗಿದರು. ನನ್ನ ಸರದಿಯೂ ಬಂತು. ಇಕ್ಕಟ್ಟಾದ ಕೋಣೆ, ತಲೆಯ ಮೇಲೆ ಗರಗರ ಫ್ಯಾನು, ಅವರ ಬೆನ್ನ ಹಿಂದೆ ಕಿಟಕಿ. ಮುಖವೆಲ್ಲ ನೆರಳು. ಅವರೇನೋ ಕೇಳಿದರು. "ಹನ್ನೊಂದು ವರ್ಷ ಆಯ್ತು ಮೇಡಂ" ಎಂದೆ. ಇನ್ನೇನೋ ಕೇಳಿದರು. "ಬಸ್ಸಲ್ಲಿ ಬರ್ತೀನಿ" ಎಂದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ! ಅವರು ಕೇಳಿದ್ದು ಯಾವ ಪಾಠ ಕಷ್ಟವಾಯಿತು ಎಂದು, ಅದು ಆಮೇಲೆ ತಿಳಿಯಿತು.

ಅವರು ನಗಲಿಲ್ಲ. ಎದ್ದು ಫ್ಯಾನು ಆರಿಸಿದರು. ಕುರ್ಚಿ ಎಳೆದುಕೊಂಡು ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತು, ಬಿಡಿಸಿ ಬಿಡಿಸಿ ಕೇಳಿದರು: "ನಾನು ಹೇಳಿದ್ದು ನಿಮಗೆ ಕೇಳಿಸ್ತಾ?"

"ಇಲ್ಲ" ಎಂದೆ. ಆ ಮಾತು ಅಷ್ಟು ದಿನ ಯಾರ ಮುಂದೆಯೂ ಬಾಯಿಂದ ಬಂದಿರಲಿಲ್ಲ, ಅಕ್ಕಾ. ಬಂದ ಮೇಲೆ ಕಣ್ಣೀರು ನಿಲ್ಲಲಿಲ್ಲ.

"ನಿಮ್ಮ ತಲೆಗೆ ಪಾಠ ಹತ್ತಲ್ಲ ಅಂತ ಈ ವರದೀಲಿ ಬರೆದಿದಾರೆ. ಪಾಠ ನಿಮ್ಮವರೆಗೆ ಬಂದೇ ಇಲ್ವಲ್ಲ!" ಎಂದರು.

ಮಾರನೆಯ ವಾರದಿಂದ ಮೇಷ್ಟ್ರು ಆಡಿದ ಮಾತು ಪರದೆಯ ಕೆಳಗೆ ಅಕ್ಷರವಾಗಿ ಮೂಡುವ ಏರ್ಪಾಡಾಯಿತು. ಕಂಪ್ಯೂಟರೇ ಕೇಳಿಸಿಕೊಂಡು ಬರೆಯುತ್ತದೆ. ಅದರ ಕಿವಿಯೂ ನನ್ನದರ ಹಾಗೆಯೇ. ಮೇಷ್ಟ್ರು "ಮೊದಲು ಹಳೇದನ್ನೆಲ್ಲ ಅಳಿಸಿ" ಎಂದರೆ ಅದು "ಮೊದಲು ಹಳಬರನ್ನೆಲ್ಲ ಅಳಿಸಿ" ಎಂದು ಬರೆಯಿತು. ತರಗತಿಗೆಲ್ಲ ಹಳಬಳು ನಾನೇ. ಎಲ್ಲರೂ ನನ್ನ ಕಡೆ ತಿರುಗಿದರು. "ಆಗ್ಲೇ ಅಳಿಸಿ ಆಯ್ತಲ್ಲ ಸಾರ್" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ನಾಲ್ಕು ಜನ ನಗುವಾಗ ಏಕೆಂದು ತಿಳಿದು ಜೊತೆಗೆ ನಕ್ಕು ಎಷ್ಟು ಕಾಲವಾಗಿತ್ತು!

ಮೂರನೆಯ ಪರೀಕ್ಷೆಯಲ್ಲಿ ಪಾಸಾದೆ. ಫೋನಿನ ಕೆಲಸ ಬಿಡಿಸಿ, ಬರಹದಲ್ಲಿ ಬರುವ ದೂರುಗಳಿಗೆ ಉತ್ತರ ಬರೆಯಲು ಹಾಕಿದ್ದಾರೆ. ಜಾಗ ಉಳಿಯಿತು. ಪಕ್ಕದಲ್ಲಿ ಮಾತಾಡುವವರು ಯಾರೂ ಇಲ್ಲ, ದಿನವಿಡೀ ಕೀಲಿಗಳ ಮೇಲೆ ಬೆರಳಾಡಿಸುತ್ತೇನೆ. ಸಂಜೆ ಕೋಣೆಗೆ ಬಂದರೆ ಇಲ್ಲೂ ಅದೇ ಮೌನ. ಆಫೀಸಿನಲ್ಲಿ ಆ ಮೇಡಂ ಆಗೊಮ್ಮೆ ಈಗೊಮ್ಮೆ ಬಂದು ಎದುರು ಕೂತು ಚಹಾ ಕುಡಿದು ಹೋಗುತ್ತಾರೆ. ತುಟಿ ಓದುವುದನ್ನು ಕಲಿಸುವ ತರಗತಿಗೂ ಅವರೇ ಹೆಸರು ಬರೆಸಿದ್ದಾರೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ, ಗೊತ್ತಾ? ಕನ್ನಡಿ ಮುಂದೆ ಹೇಳಿ ನೋಡು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಗಳಿಗೆ ಚಿಕ್ಕಮ್ಮನ ಆಶೀರ್ವಾದ. ಅವಳು ನೂರು ಕಾಲ ಗಟ್ಟಿ ದನಿಯಲ್ಲಿ ಜಗಳವಾಡಿಕೊಂಡು ಬಾಳಲಿ. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ.

ನಿನ್ನ,
ಚೂಟಿ

ಮರೆತಿದ್ದೆ: ಮರೆತಿಲ್ಲ ಅಕ್ಕಾ, ಬರೆಯಲು ಧೈರ್ಯವಾಗಿರಲಿಲ್ಲ. ಕಡೆಯ ಸಲ ನೀನು ಫೋನ್ ಮಾಡಿದಾಗ ತುಂಬ ಹೊತ್ತು ಏನೋ ಹೇಳಿದೆ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆ ದಿನಗಳಲ್ಲಿ ಎಲ್ಲರಿಗೂ ಹೇಳುತ್ತಿದ್ದ ಹಾಗೆ ನಿನಗೂ "ಹೂಂ, ಒಳ್ಳೇದೇ ಆಯ್ತು ಬಿಡಕ್ಕಾ" ಎಂದೆ. ಫೋನ್ ಇಟ್ಟವಳು ನೀನು ಮತ್ತೆ ಮಾಡಲೇ ಇಲ್ಲ. "ಅವಳಿಗೆ ಹಾಗೆ ಹೇಳಬಾರದಿತ್ತು ನೀನು" ಎಂದು ಅಣ್ಣ ಮೊಬೈಲಿಗೆ ಒಂದೇ ಸಾಲು ಕಳಿಸಿದ. ಏನಾಯಿತೆಂದು ಅವನನ್ನು ಕೇಳಲು ಮುಖವಿಲ್ಲ. ಅವತ್ತು ನನಗೆ ಏನು ಹೇಳಿದ್ದೆ, ಬರೆದು ಕಳಿಸು. ನೀನು ಅಳುತ್ತಿದ್ದೆಯೋ ನಗುತ್ತಿದ್ದೆಯೋ, ಅದೂ ನನಗೆ ಗೊತ್ತಾಗಲಿಲ್ಲ.