ಅಪ್ಪನ ಕಿವಿಗೆ ಹೊಂದದ ಇಯರ್‌ಫೋನ್

ಅಪ್ಪ,

ಹರಪನಹಳ್ಳಿ ಬಸ್ಸಿಗೆ ಹೊತ್ತಾಯಿತು, ನೀನಿನ್ನೂ ಕುರಿಹಟ್ಟಿಯಿಂದ ಬಂದಿಲ್ಲ. ರೊಟ್ಟಿ ಬುಟ್ಟಿಯಲ್ಲಿವೆ. ಪುಂಡಿಪಲ್ಯ ಬಿಸಿ ಮಾಡಿಕೋ.

ನಾನು ತಂದ ಕರಿ ಇಯರ್‌ಫೋನನ್ನು ಇನ್ನು ಮುಟ್ಟಬೇಡ. ಜಂಬಕ್ಕತ್ತೆ ನಿನ್ನ ಫೋನಿಗೆ ಕಳಿಸಿದ ಡೊಳ್ಳಿನ ಹಾಡನ್ನು ಇವತ್ತು ಅದರಲ್ಲೇ ಕೇಳಿದೆ. ಡೊಳ್ಳು ಗುಡುಗುತ್ತದೆ, ಅತ್ತೆಯ ದನಿ ಅದರಡಿ ಮುಳುಗೇ ಹೋಗುತ್ತದೆ. ಡೊಳ್ಳು ಬಾರಿಸುವವನಿಗೆ ಬೇಸ್, ಆ ಗುಡುಗಿನ ದಪ್ಪ ಸದ್ದು, ಜಾಸ್ತಿಯೇ ಇರಲಿ ಎಂದು ಕೊಟ್ಟೂರಿನ ಅಂಗಡಿಯಲ್ಲಿ ಕೇಳಿ ಕೇಳಿ ಆರಿಸಿದವಳು ನಾನು. ನಿನ್ನನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ.

ನಿನ್ನೆ ನೀನು "ಅಕ್ಕನ ದನಿನ ಕೇಳ್ಸವಲ್ದು ರೋಜಾ" ಅಂದಾಗ, ಡೊಳ್ಳಿನ ಮೇಳದವರ ಎದುರಿಗೇ "ನಿನ್ನ ಕಿವಿ ಹೋಗ್ಯಾವ ಬಿಡಪ್ಪ" ಅಂದುಬಿಟ್ಟೆ. ನೀನು ಸುಮ್ಮನೆ ನಕ್ಕು, "ಹಂಗಾರ ಈ ಸಲ ಜಾತ್ರ್ಯಾಗ ನನ್ನ ಡೊಳ್ಳು ಬೀರಲಿಂಗೇಶ ಬಾರಿಸ್ಲಿ" ಅಂದೆ. ಆ ನಗು ನೆನೆದೇ ಇವತ್ತು ಹಾಡು ಹಾಕಿ ಕೇಳಿದ್ದು.

ಟಿವಿ ಮುಂದೆ ನನ್ನ ಬಿಳಿ ಇಯರ್‌ಫೋನ್ ಇಟ್ಟಿದ್ದೇನೆ. ಬೇಸ್ ಕಡಿಮೆ, ದನಿ ಚೊಕ್ಕ. ಕಿವಿಗಿಡುವ ತುದಿಗೆ ಸಣ್ಣ ರಬ್ಬರ್ ಹಾಕಿದ್ದೇನೆ, ಒತ್ತಿ ತುರುಕಬೇಡ. ಬಿಗಿಯಾದಷ್ಟೂ ಬೇಸ್ ಏರುತ್ತದೆ. ಇದರಲ್ಲಿ ಅತ್ತೆ ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ನೀನು ಡೊಳ್ಳಿಗೆ ಪೆಟ್ಟು ಹಾಕುವುದು ಆ ಉಸಿರಿನ ಜಾಗದಲ್ಲೇ ಅಲ್ಲವೇ?

ಮೇಳದವರಿಗೆಲ್ಲ ಫೋನ್ ಮಾಡಿ, ತಪ್ಪು ನನ್ನದು, ಅಪ್ಪನ ಕಿವಿಯದಲ್ಲ ಎಂದು ಹೇಳಿದ್ದೇನೆ. ಬೀರಲಿಂಗೇಶನಿಗೆ ಮಾತ್ರ ಫೋನ್ ಹತ್ತಲಿಲ್ಲ. ಅವನು ಬಂದರೆ ಚಹಾ ಕೊಟ್ಟು ಕಳಿಸು.

ಡೊಳ್ಳು ಕೊಡಬೇಡ.

ರೋಜಾ