ಕಾದಂಬರಿಯಲ್ಲಿ ಬದುಕಿದ ಕೂಸು

ವಾಡಿ, 9 ಫೆಬ್ರುವರಿ 1956, ಗುರುವಾರ

ಬೆಳಿಗ್ಗೆ ಎರಡು ಪುಟ ಆಯಿತು. ಆಮೇಲೆ ಹಪ್ಪಳ ಒಣಹಾಕಿದೆ. ಯಾರ್ಡಿನಲ್ಲಿ ಶಂಟಿಂಗ್ — ಹಪ್ಪಳದ ಮೇಲೆಲ್ಲ ಮಸಿ. ಯಾರನ್ನು ಬೈಯುವುದು, ಇಂಜಿನ್ನನ್ನೇ ಬೈದೆ. ಇವರು ತಮ್ಮ ರೈಲ್ವೆ ಬುಕಿಂಗ್ ಆಫೀಸಿನಿಂದ ತಂದುಕೊಟ್ಟ ರದ್ದಿ ಫಾರಮ್ಮುಗಳು ಮುಗಿಯುತ್ತ ಬಂದವು. ನಾನು ಬರೆಯುವುದೆಲ್ಲ ಅವುಗಳ ಬೆನ್ನಿಗೆ. ಒಂದು ಮಗ್ಗುಲಿಗೆ ನಿಜಾಮನ ಉರ್ದು, ಇನ್ನೊಂದು ಮಗ್ಗುಲಿಗೆ ಈ ಗುರುದೇವಿಯ ಕನ್ನಡ.

ಚಂದ್ರಾಮಪ್ಪನವರ ಕಾರ್ಡು. ಕಲಬುರ್ಗಿಯ ಮಾಸಪತ್ರಿಕೆಯ ಸಂಪಾದಕರು. ಕಾದಂಬರಿಯ ಎರಡನೇ ಕಂತನ್ನು ಜನ ಬಹಳ ಮೆಚ್ಚಿದ್ದಾರಂತೆ. ಮೂರು ಸಲ ಓದಿದೆ. ಹೊಗಳಿಕೆ ಯಾರಿಗೆ ಬೇಡ.

ಖಣಿಯ ಕಥೆ. ನಲವತ್ತೆಂಟರಲ್ಲಿ, ರಜಾಕಾರರ ಹಾವಳಿಯಲ್ಲಿ, ನನ್ನ ತವರೂರು ದಂಡೋತಿಯಲ್ಲಿದ್ದ ನಾವು ಏಳು ಹೆಂಗಸರು ನೆಲಕ್ಕೆ ಹಾಸುವ ಪರಸಿಕಲ್ಲಿನ ಪಾಳುಬಿದ್ದ ಖಣಿಯಲ್ಲಿ ಎಂಟು ದಿನ ಅಡಗಿ ಕುಳಿತದ್ದು. ಹೆಸರು ಬದಲಿಸಿದ್ದೇನೆ. ನಾಯಕಿ ನೀಲಮ್ಮ — ಗಡಿಯಲ್ಲಿದ್ದ ಹೋರಾಟಗಾರರ ಶಿಬಿರದ ಚೀಟಿಗಳನ್ನು ಬುತ್ತಿಯಲ್ಲಿಟ್ಟು ಸಾಗಿಸುವವಳು, ಗಟ್ಟಿಗಿತ್ತಿ, ಚೆಲುವೆ. ನಾನು ಚೆಲುವೆಯಲ್ಲ. ಉಳಿದದ್ದೆಲ್ಲ ನಾನೇ ಎಂದು ಈ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಗೊತ್ತು.

16 ಫೆಬ್ರುವರಿ, ಮಧ್ಯಾಹ್ನ

ಪಕ್ಕದ ಮನೆಯ ಮಹಾದೇವಮ್ಮ ಪಡಸಾಲೆಯಲ್ಲಿ ಕುಳಿತು ನನ್ನ ಕಂತು ಜೋರಾಗಿ ಓದುತ್ತಿದ್ದಳು. ಸುತ್ತ ಜೋಳ ಹಸನು ಮಾಡುವ ಹೆಂಗಸರು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. "ಬಾಳವ್ವನ ಕೂಸು ಅಳಲು ಶುರುಮಾಡಿತು" — ಅಲ್ಲಿಗೆ ಕಂತು ಮುಗಿಯುತ್ತದೆ. ಬೇಕೆಂದೇ ಅಲ್ಲಿ ನಿಲ್ಲಿಸಿದ್ದೆ.

ಆಮೇಲೆ ಬಾಗಿಲಲ್ಲಿ ಯಂಕಮ್ಮ. ನನ್ನ ತವರಿನವಳು, ದಂಡೋತಿ ಹೊಳೆದಂಡೆಯ ಅಂಬಿಗರ ಮನೆ. ಗುರುವಾರಕ್ಕೊಮ್ಮೆ ಬದನೆಕಾಯಿ ಬುಟ್ಟಿ ಹೊತ್ತು ಬರುತ್ತಾಳೆ. ಅವಳೂ ಖಣಿಯಲ್ಲಿದ್ದಳು. ಬಾಳವ್ವ ಅಂದರೆ ಅವಳೇ. ಐದು ತಿಂಗಳ ಗಂಡುಕೂಸು ಅವಳದು, ಐದನೇ ದಿನ ಅಲ್ಲಿಯೇ ತೀರಿಕೊಂಡಿತು.

"ಅಕ್ಕೋರ, ಮುಂದ ಕೂಸಿಂದು ಏನಾಗ್ತದ್ರಿ?"

"ನಿನಗ ಗೊತ್ತದಲ್ಲ ಯಂಕಮ್ಮ."

"ನಂದು ಗೊತ್ತದ್ರಿ. ನಾ ಕೇಳಲಿಕತ್ತಿದ್ದು ಪುಸ್ತಕದಾಗಿಂದು."

ಸಾಯುವ ಅಧ್ಯಾಯ ಬರೆದಾಗಿತ್ತು. ಪೆಟ್ಟಿಗೆಯಲ್ಲಿತ್ತು. ಅವಳ ಮುಖ ನೋಡಿದೆ.

"ಉಳೀತದ," ಅಂದುಬಿಟ್ಟೆ.

ಬುಟ್ಟಿ ಇಳಿಸಿ, ಹೊಸ್ತಿಲ ಮೇಲೆಯೇ ಕುಳಿತಳು. ನೀರು ಕೊಟ್ಟೆ. ಕುಡಿಯಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳು ಹೋದ ಮೇಲೆ ಆ ಅಧ್ಯಾಯವನ್ನು ಒಲೆಗೆ ಹಾಕಿದೆ.

20 ಫೆಬ್ರುವರಿ

ಹೊಸದಾಗಿ ಬರೆದೆ. ನಮ್ಮ ಕಡೆ ಹೊಲಕ್ಕೆ ಹೋಗುವ ತಾಯಂದಿರು ಕೂಸಿಗೆ ಒಂದಿಷ್ಟು ಅಫೀಮು ನೆಕ್ಕಿಸಿ ಮಲಗಿಸುವುದು ಇದ್ದದ್ದೇ. ಖಣಿಯಲ್ಲಿ ಬಾಳವ್ವ ಹಾಗೆಯೇ ಮಾಡುತ್ತಾಳೆ. ಕೂಸು ಏಳುವುದಿಲ್ಲ. ನೀಲಮ್ಮ ಅದನ್ನು ಎದೆಗವಚಿಕೊಂಡು, ಅಂಗಾಲು ತಿಕ್ಕಿ, ಬಾಯಿಗೆ ಉಸಿರೂದಿ... ಕೂಸು ಕಣ್ಣು ತೆರೆಯುತ್ತದೆ.

ಒಂದೇ ಏಟಿಗೆ ಏಳು ಪುಟ. ಬರೆಯುವಾಗ ಅತ್ತೆ. ಚೆನ್ನಾಗಿದೆ. ಚೆನ್ನಾಗಿದೆ ಅನ್ನುವುದೇ ಹೇಸಿಗೆ.

15 ಮಾರ್ಚ್, ಗುರುವಾರ

ಸಂಚಿಕೆ ಬಂತು. ಮಹಾದೇವಮ್ಮ ಓದಿದಳು. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಂಕಮ್ಮ ಮಾತ್ರ ನಗುತ್ತಿದ್ದಳು. ಅವಳ ನಗು ನೋಡಿ ಎಂಟು ವರ್ಷವಾಗಿತ್ತು.

"ಈಗ ಅವನಿಗಿ ಎಂಟು ತುಂಬಿರಬೇಕಲ್ರಿ ಅಕ್ಕೋರ. ಶಾಲಿಗಿ ಹಚ್ಚೀರೇನು?"

"ಕಥಿ ನಲವತ್ತೆಂಟಕ್ಕೇ ಮುಗೀತದಲ್ಲ ಯಂಕಮ್ಮ."

"ಕಥಿ ಮುಗೀಲಿ ಬಿಡ್ರಿ. ಹುಡುಗ ಬೆಳೀತಾನಲ್ರಿ."

ಬುಟ್ಟಿಯಲ್ಲಿದ್ದ ಎಳೆಯ ಸೌತೆಕಾಯಿ ಆರಿಸಿ ಆರಿಸಿ ನನ್ನ ಮೊರಕ್ಕೆ ಸುರಿದಳು. ಬೇಡವೆಂದರೂ ಕೇಳಲಿಲ್ಲ. ಇವರು ಊಟದಲ್ಲಿ "ಎಲ್ಲಿದೇ ಇದು, ಭಾಳ ಛಲೋ ಅದ" ಅಂದರು. ನನ್ನ ಪಾಲನ್ನೂ ಅವರ ತಾಟಿಗೇ ಹಾಕಿದೆ.

17 ಮೇ

ಮಹಾದೇವಮ್ಮ ಹೇಳಿದಳು: ಯಂಕಮ್ಮನ ಮಗಳು ಚಂದಮ್ಮ ಬಸುರಿ. ಸೇಡಂಗೆ ಕೊಟ್ಟ ಹುಡುಗಿ, ಚೊಚ್ಚಲು. ಐದು ತುಂಬಿವೆ. ಆದರೆ ಯಂಕಮ್ಮ ಕುಬಸ ಮಾಡಿ ಬಸುರಿಯ ಮಡಿಲು ತುಂಬುವುದಿಲ್ಲವಂತೆ, ಮಗಳನ್ನು ಬಾಣಂತನಕ್ಕೆ ಕರೆತರುವುದೂ ಇಲ್ಲವಂತೆ. ಬೀಗರು ಆಡಿಕೊಳ್ಳುತ್ತಿದ್ದಾರೆ. ಚೊಚ್ಚಲ ಹೆರಿಗೆಗೆ ತವರು ಕರೆಯದಿದ್ದರೆ ಆ ಹುಡುಗಿ ಅತ್ತೆಮನೆಯಲ್ಲಿ ತಲೆಯೆತ್ತುವುದು ಹೇಗೆ?

ಯಂಕಮ್ಮನನ್ನು ಕೂರಿಸಿ ಕೇಳಿದೆ. ನನಗೇಕೆ ಬೇಕಿತ್ತು.

"ಈ ಕೈ ನೋಡ್ರಿ," ಅಂದಳು. "ಈ ಕೈಲೇ ನೆಕ್ಕಿಸಿದೆ. ಎಷ್ಟು ನೆಕ್ಕಿಸಿದೆನೋ, ಜ್ವರದಾಗ ಎಚ್ಚರ ಇರಲಿಲ್ಲ. ಅವತ್ತಿನಿಂದ ಈ ಕೈಲೆ ಯಾರ ಕೂಸೂ ಎತ್ತಿಲ್ರಿ. ನನ್ನ ಮಗಳ ಕೂಸು ಎತ್ತಂದ್ರ ಹ್ಯಾಂಗ ಎತ್ಲಿ? ಬಾಣಂತನ ಅಂದ್ರ ಎರೀಬೇಕು, ತೂಗಬೇಕು. ಬ್ಯಾಡ್ರಿ. ಪುಸ್ತಕದಾಗ ನೀವು ಉಳಿಸಿದ್ರಿ, ನನಗಷ್ಟು ಸಾಕು."

"ನಿನ್ನ ತಪ್ಪಲ್ಲ ಯಂಕಮ್ಮ" ಅಂದೆ. ಎಂಟು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ. ಯಾಕೆ ಅಲ್ಲ ಎಂದು ಹೇಳಿಲ್ಲ.

ಇಲ್ಲಾದರೂ ಬರೆಯುತ್ತೇನೆ. ಅವಳು ಮಲಗಿದಾಗ ಕೂಸಿಗೆ ನಾನೂ ನೆಕ್ಕಿಸಿದ್ದೆ. ಅವಳು ಮೊದಲೇ ನೆಕ್ಕಿಸಿದ್ದಳೆಂದು ನನಗೆ ಗೊತ್ತಿರಲಿಲ್ಲ.

18 ಮೇ, ಬೆಳಿಗ್ಗೆ

ನಿನ್ನೆ ಬರೆದ ಕೊನೆಯ ಸಾಲು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆಯುವವಳು ನಾನು. ಗೊತ್ತಿತ್ತು.

ನನ್ನ ಕಣ್ಣೆದುರಿಗೇ ನೆಕ್ಕಿಸಿದಳು, ಸಾಸಿವೆಕಾಳಿನಷ್ಟು. ಬೇರೆ ದಿನ ನೆಕ್ಕಿಸುತ್ತಿದ್ದಷ್ಟೇ. ಅವಳಿಗೆ ಮೈ ಸುಡುವ ಜ್ವರ, ಹಾಗೆಯೇ ಮಲಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ಖಣಿಯ ಮೇಲೆ ಬೂಟಿನ ಸದ್ದು. ನನ್ನ ಹೆಸರು ಹಿಡಿದು ಮಾತಾಡುತ್ತಿದ್ದರು. ಅಣ್ಣ ದೇವಿಂದ್ರಪ್ಪ ಶಿಬಿರದಲ್ಲಿದ್ದ. ಚೀಟಿ ಸಾಗಿಸುವವಳು ನಾನೆಂದು ಸುಳಿವು ಹತ್ತಿತ್ತು. ಅವರು ಹುಡುಕುತ್ತಿದ್ದುದು ಯಂಕಮ್ಮನನ್ನಲ್ಲ, ನನ್ನನ್ನು. ಉಳಿದ ಆರು ಜನ ನನ್ನ ಸಲುವಾಗಿ ಆ ಗುಂಡಿಯಲ್ಲಿದ್ದರು.

ಕೂಸು ಕುಸುಗುಟ್ಟಿತು. ಅಳು ಅಲ್ಲ. ನಿದ್ದೆ ಹತ್ತುವ ಮೊದಲಿನ ಸಣ್ಣ ಸದ್ದು. ಸ್ವಲ್ಪ ಕಾದಿದ್ದರೆ ತಾನೇ ಮಲಗುತ್ತಿತ್ತು. ಯಂಕಮ್ಮನ ಸೆರಗಿನ ಗಂಟು ಬಿಚ್ಚಿದೆ. ಉಗುರಿನ ತುಂಬ ತೆಗೆದು ಬಾಯಿಗೆ ಸವರಿದೆ. ಎರಡು ಸಲ.

ಬೂಟುಗಳು ಹೋದವು. ಸಂಜೆಗೆ ಕೂಸು ತಣ್ಣಗಾಗಿತ್ತು. ಯಂಕಮ್ಮ ಎದ್ದು ತನ್ನ ಕೈ ನೋಡಿಕೊಂಡಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಬಾಯಿ ಬಿಡಲಿಲ್ಲ.

ನಮ್ಮೂರ ಹಾಜಿಸಾಬರ ಹೆಂಡತಿ ಮೆಹತಾಬ್ ದಿನಾ ಹುರಿದ ಜೋಳ, ನೀರು ಇಟ್ಟು ಹೋಗುತ್ತಿದ್ದಳು, ಸಿಕ್ಕರೆ ಅವಳ ಜೀವವೂ ಹೋಗುತ್ತಿತ್ತು. ಕಾದಂಬರಿಯಲ್ಲಿ ಅದೊಂದು ಅಧ್ಯಾಯ ಖರೆ.

24 ಮೇ

ಯಂಕಮ್ಮ ಬಂದಳು. ನಾನು ಹೇಳಲಿಲ್ಲ.

7 ಜೂನ್

ಮಳೆ. ಯಂಕಮ್ಮ ತೊಯ್ದು ಬಂದಳು. ಚಹಾ ಕೊಟ್ಟೆ. ನಾಲಿಗೆಯ ತುದಿಗೆ ಬಂದಿತ್ತು. ಮಹಾದೇವಮ್ಮ ಬಂದುಬಿಟ್ಟಳು — ಬರದಿದ್ದರೂ ಹೇಳುತ್ತಿರಲಿಲ್ಲ.

19 ಜುಲೈ

ಏಳು ತುಂಬಿದವು. ಚಂದಮ್ಮನ ಕುಬಸ ಆಗಲಿಲ್ಲ. ಬೀಗತಿ ಸೇಡಂ ಸಂತೆಯಲ್ಲಿ ನಾಲ್ಕು ಜನರೆದುರು "ತಾಯಿ ಇದ್ದೂ ತಬ್ಬಲಿ" ಅಂದಳಂತೆ. ಯಂಕಮ್ಮ ಇದನ್ನು ಹೇಳುವಾಗ ಅಳಲಿಲ್ಲ. ಬದನೆಕಾಯಿಯ ತೊಟ್ಟು ಕೀಳುತ್ತ ಕುಳಿತಿದ್ದಳು.

ಇವರಿಗೆ ಎಲ್ಲ ಹೇಳಿಬಿಟ್ಟೆ. ಹನ್ನೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ. ಕಂದೀಲಿನ ಬತ್ತಿ ತಗ್ಗಿಸಿ ನನ್ನ ಕಡೆ ತಿರುಗಿದರು.

"ಆಗಿದ್ದು ಆಗಿ ಹೋತು. ಈಗ ಹೇಳಿದ್ರ ಆಕಿಗಿ ಕೂಸು ತಿರುಗಿ ಬರ್ತದೇನು?"

"ಕೂಸು ಬರಂಗಿಲ್ಲ. ಆಕಿ ಕೈ ಆಕಿಗಿ ಬರ್ತದ."

"ಹಂಗಾದ್ರ ಹೇಳು. ನನ್ನ ಯಾಕ ಕೇಳ್ತಿ?"

ಸಿಟ್ಟು ಬಂತು. ಬೇಡ ಅನ್ನಲಿ ಎಂದು ಕಾಯುತ್ತಿದ್ದೆ. ಆಮೇಲೆ ಅವರನ್ನೇ ಬೈಯಬಹುದಿತ್ತಲ್ಲ.

16 ಆಗಸ್ಟ್

ಕೊನೆಯ ಕಂತು ಹೋಯಿತು. ಯಂಕಮ್ಮ ಈ ವಾರ ಬಂದಿಲ್ಲ. ಸಮಾಧಾನವಾಯಿತು. ಥೂ.

13 ಸೆಪ್ಟೆಂಬರ್, ಗುರುವಾರ, ಸಂಜೆ

ಹೇಳಿದೆ.

ಮಧ್ಯಾಹ್ನ ಬಂದಳು. ಚಂದಮ್ಮ ಹತ್ತು ದಿನದ ಹಿಂದೆ ಸೇಡಂನಲ್ಲಿಯೇ ಹಡೆದಿದ್ದಾಳೆ. ಹೆಣ್ಣುಕೂಸು. ಯಂಕಮ್ಮ ಹೋಗಿದ್ದಳು. ಬಾಗಿಲ ಹೊರಗೇ ನಿಂತಳಂತೆ. ಮಗಳು ಕೂಸನ್ನು ಮುಂದೆ ಚಾಚಿ "ತಗೋ ಯವ್ವಾ, ತಗೋ" ಅಂದಳಂತೆ. ಇವಳು ಕೈ ಸೆರಗಿನೊಳಗೆ ಸುತ್ತಿಕೊಂಡು ನಿಂತೇ ಇದ್ದು, ಮುಂದಿನ ಗಾಡಿಗೆ ತಿರುಗಿ ಬಂದಳು.

ಅದನ್ನು ಕೇಳಿ ಕುಳಿತಿರಲಾಗಲಿಲ್ಲ. ಬಾಗಿಲು ಮುಂದೆ ಮಾಡಿ ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ಕಥೆ ಕಟ್ಟಲಿಲ್ಲ. ಬೂಟಿನ ಸದ್ದು ನನ್ನ ಸಲುವಾಗಿ ಬಂದದ್ದೆಂದೂ ಹೇಳಿದೆ.

ಯಂಕಮ್ಮ ಕೂಗಾಡಲಿಲ್ಲ. ಹತ್ತಿರ ಸರಿದು ಕುಳಿತಳು.

"ಎಷ್ಟು ನೆಕ್ಕಿಸಿದ್ರಿ?"

"ಉಗುರಿನ ತುಂಬ. ಎರಡು ಸರ್ತಿ."

"ಯಾವ ಬೆರಳು? ತೋರಸ್ರಿ."

ತೋರಿಸಿದೆ. ನನ್ನ ಬೆರಳು ಹಿಡಿದು ನೋಡಿದಳು. ಉಗುರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ತನ್ನ ಕೈ ತಿರುವಿ ತಿರುವಿ ನೋಡಿಕೊಂಡಳು.

"ನಾ ಹಾಕಿದ್ದು ಸಾಸಿವಿಕಾಳಿನಷ್ಟೇ?"

"ಅಷ್ಟೇ. ನನ್ನ ಕಣ್ಣಾರೆ ನೋಡೀನಿ."

"ದಿನಾ ಹಾಕೋದಷ್ಟೇ?"

"ಅಷ್ಟೇ ಯಂಕಮ್ಮ."

ಆಗ ಬಂತು ಅಳು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಖಣಿಯಲ್ಲಿ ಅತ್ತ ಹಾಗೆಯೇ, ಸದ್ದಿಲ್ಲದೆ. ಮುಟ್ಟಲು ಹೋದೆ. ತಳ್ಳಿದಳು.

"ಎಂಟು ವರ್ಷ ಆತ್ರಿ. ಮಗಳ ಮದಿವ್ಯಾಗ ಅಕ್ಕಿಕಾಳು ಹಾಕಲಿಲ್ಲ ನಾನು, ಈ ಕೈ ಅಂತ. ಗಂಡ ಇನ್ನೊಂದು ಕೂಸು ಬೇಕಂದ್ರ ಒಲ್ಲೆ ಅಂದೆ. ನೀವು ವಾರ ವಾರ ನನಗ ಚಹಾ ಕೊಟ್ರಿ."

ತಪ್ಪಾಯಿತು ಅಂದೆ. ಅಷ್ಟು ಸಣ್ಣ ಮಾತು ಜನ್ಮದಲ್ಲಿ ಆಡಿಲ್ಲ. ಆಮೇಲೆ, ಏನಾದರೂ ಕೊಡಬೇಕೆನಿಸಿ ಬಾಯಿಬಿಟ್ಟೆ: "ಪುಸ್ತಕ ಇನ್ನಾ ಛಾಪ ಆಗಿಲ್ಲ. ಖರೇದು ಬರೀತೀನಿ. ನಾ ಮಾಡಿದ್ದು ಎಲ್ಲಾರಿಗೂ ಗೊತ್ತಾಗ್ಲಿ."

ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಂದ್ರ ಪುಸ್ತಕದಾಗ ಅವ ಸಾಯ್ತಾನ್ರಿ?"

"ಖರೇದು ಅಂದ ಮ್ಯಾಲ..."

"ನಿಮ್ಮ ಮನಸು ಹಗರ ಆಗ್ಲಿ ಅಂತ ಇನ್ನೊಮ್ಮಿ ಕೊಲ್ತೀರೇನ್ರಿ ಅವನ್ನ?" ಎದ್ದು ನಿಂತಿದ್ದಳು. "ಅವ ಇರ್ಲಿ. ಒಂದು ಅಕ್ಷರ ಮುಟ್ಟಬ್ಯಾಡ್ರಿ."

ಹೋದಳು. ಬುಟ್ಟಿ ಇಲ್ಲೇ ಇದೆ. ಇವರು ಡ್ಯೂಟಿ ಮುಗಿಸಿ ಬಂದು ಹೇಳಿದರು — ಯಂಕಮ್ಮ ಓಡುತ್ತ ಬಂದು ಸೇಡಂಗೆ ಟಿಕೆಟ್ ಕೇಳಿದಳಂತೆ. ದಂಡೋತಿಗೂ ಹೋಗಲಿಲ್ಲ, ಸೀದಾ ಮಗಳ ಹತ್ತಿರ.

4 ಅಕ್ಟೋಬರ್

ಬೇರೊಬ್ಬಳು ಬದನೆಕಾಯಿ ತಂದಳು. ಯಂಕಮ್ಮ ಇನ್ನೂ ಸೇಡಂನಲ್ಲಿದ್ದಾಳಂತೆ. ಕೂಸಿಗೆ ತಾನೇ ಎರೆಯುತ್ತಾಳಂತೆ, ತೂಗುತ್ತಾಳಂತೆ, ಬಾಣಂತಿಗೂ ಮುಟ್ಟಗೊಡುವುದಿಲ್ಲ ಎಂದು ಬೀಗತಿ ಈಗ ಅದಕ್ಕೂ ಆಡಿಕೊಳ್ಳುತ್ತಾಳಂತೆ. ಕೇಳಿ ಬಹಳ ಸಂತೋಷವಾಯಿತು. ಒಳಗೆ ಹೋಗಿ ಅತ್ತೆ. ನಾಲ್ಕು ತಿಂಗಳ ಹಿಂದೆ ಬಾಯಿಬಿಟ್ಟಿದ್ದರೆ ಆ ಹುಡುಗಿಯ ಕುಬಸ ಆಗುತ್ತಿತ್ತು. ಎಂಟು ವರ್ಷದ ಹಿಂದೆ ಬಿಟ್ಟಿದ್ದರೆ — ಬೇಡ.

11 ಅಕ್ಟೋಬರ್

ಕರಡಚ್ಚು ಬಂತು. ಜೊತೆಗೆ ಚಂದ್ರಾಮಪ್ಪನವರ ಪತ್ರ. ನವೆಂಬರ್ ಒಂದರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ದಿನವೇ ಚಿತ್ತಾಪುರದಲ್ಲಿ ಪುಸ್ತಕ ಬಿಡುಗಡೆ. "ಸತ್ತಿತೆಂದುಕೊಂಡದ್ದು ಕಣ್ಣು ತೆರೆಯುತ್ತದೆ, ಆ ಕೂಸೆಂದರೆ ನಮ್ಮ ನಾಡೇ ಅಲ್ಲವೆ ತಾಯಿ?" ಎಂದು ಬರೆದಿದ್ದಾರೆ. ಅಲ್ಲ ಸ್ವಾಮಿ. ಅದು ಯಂಕಮ್ಮನ ಮಗ.

ಆ ಏಳು ಪುಟದ ಮೇಲೆ ಪೆನ್ಸಿಲ್ ಹಿಡಿದು ಕುಳಿತೆ. ನೀಲಮ್ಮನ ಹೆಸರಾದರೂ ತೆಗೆಯೋಣ, ಕೂಸು ತಾನಾಗಿಯೇ ಏಳಲಿ ಅನ್ನಿಸಿತು. ಒಂದು ಅಕ್ಷರ ಮುಟ್ಟಬೇಡ ಅಂದಿದ್ದಾಳೆ. ಹಾಗೆಯೇ ಕಟ್ಟಿ ಅಂಚೆಗೆ ಹಾಕಿದೆ.

1 ನವೆಂಬರ್ 1956, ಗುರುವಾರ

ಚಿತ್ತಾಪುರದಿಂದ ಈಗ ಬಂದೆ. ಬಂಟಿಂಗು, ಪೇಡೆ, ಭಾಷಣ. ಜನವೋ ಜನ. ಚಂದ್ರಾಮಪ್ಪನವರು ಶಾಲು ಹೊದಿಸಿದರು. ಕೂಸು ಏಳುವ ಅಧ್ಯಾಯ ಓದಲು ಹೇಳಿದರು. ಒಲ್ಲೆನೆಂದೆ, ಬಿಡಲಿಲ್ಲ. ಓದಿದೆ. ದನಿ ನಡುಗಿತು. ಅದನ್ನೂ ಜನ ಮೆಚ್ಚಿಕೊಂಡರು.

ಇಳಿಯುವಾಗ ಒಬ್ಬ ಮುದುಕಿ ಅಡ್ಡ ಬಂದಳು. ಯಾವ ಊರಿನವಳೋ. ನನ್ನ ಬಲಗೈ ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು. "ಕೂಸು ಉಳಿಸಿದ ಕೈ ಯವ್ವಾ ಇದು," ಅಂದಳು. ಹಿಂದಿನಿಂದ ಮತ್ತೊಬ್ಬಳು, ಮಗುವನ್ನು ಎತ್ತಿಕೊಂಡು — "ಇದರ ತಲಿ ಮ್ಯಾಲ ಒಮ್ಮಿ ಇಡ್ರಿ ಅಕ್ಕೋರ, ನಿಮ್ಮ ಕೈ." ನಾನು ಕೈ ಸೆರಗಿನೊಳಗೆ ಸುತ್ತಿಕೊಂಡು ನಿಂತೆ, ಯಂಕಮ್ಮ ನಿಂತ ಹಾಗೆಯೇ.